ತಾರಸಿ ಶಾಖೆಯ ಕೆಂಪು ಚುಕ್ಕಿ

9 ಜುಲೈ 2006, ಭಾನುವಾರ

ಈ ದಿನ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ದೆಹಲಿಯ ಜನಕಪುರಿಯ ನಮ್ಮ ಡಿಡಿಎ ಫ್ಲಾಟಿನ ತಾರಸಿಯ ಮೇಲೆ, ಗುರಿಸಾಧನ ಪರೀಕ್ಷಾ ನಿರ್ದೇಶನಾಲಯವು ವಿಧ್ಯುಕ್ತವಾಗಿ ಸ್ಥಾಪನೆಗೊಂಡಿತು. ಮಹಾನಿರ್ದೇಶಕಿ: ಕುಮಾರಿ ದೇಚಮ್ಮ, ವಯಸ್ಸು ಹತ್ತೊಂಬತ್ತು, ಬಿ.ಕಾಂ. ಎರಡನೇ ವರ್ಷ. ಮುಖ್ಯ ಬಂದೂಕುಗಾರ: ಸದರಿ ಕುಮಾರಿಯ ತಾತ, ನಿವೃತ್ತ ಸುಬೇದಾರ್ ಪೊನ್ನಣ್ಣ, ವಯಸ್ಸು ಎಪ್ಪತ್ತೊಂದು. ಇತರೆ ಸಿಬ್ಬಂದಿ: ಒಂದು ಬೆಕ್ಕು. ಅದೂ ಪಕ್ಕದ ಬ್ಲಾಕಿನಿಂದ ಎರವಲು.

ಈ ಕಡತವನ್ನು ಕನ್ನಡದಲ್ಲಿ ಬರೆಯಲು ಕಾರಣ ಭದ್ರತೆ. ಕಾಲೇಜಿನ ಗೆಳತಿಯರು ನನ್ನ ಬ್ಯಾಗನ್ನು ವಾರಂಟ್ ಇಲ್ಲದೆ ಶೋಧಿಸುತ್ತಾರೆ. ಕನ್ನಡ ಅಕ್ಷರ ಅವರ ಕಣ್ಣಿಗೆ ಜಿಲೇಬಿ. ಮನೆಯ ಮಾತು ಕೊಡವ ತಕ್ಕ್, ಹಿಂದಿ, ಕನ್ನಡ ಮೂರೂ ಸೇರಿದ ಕಲಸುಮೇಲೋಗರ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ಇಳಿಸಲಾಗಿದೆ.

ಹಿನ್ನೆಲೆ. ತಾತ ಜೀವಮಾನವಿಡೀ ನಳಿಗೆಯ ತುದಿಯ ಮಣಿಯನ್ನು ಬಿಟ್ಟು ಬೇರೆ ಯಾವುದನ್ನೂ ನೋಡಿ ಗುರಿ ಇಟ್ಟವರಲ್ಲ. ಹೋದ ವರ್ಷ ನಾನು ನಮ್ಮ ಏರ್‌ಗನ್ನಿಗೊಂದು ದುರ್ಬೀನು ಬೇಕೆಂದು ಅರ್ಜಿ ಸಲ್ಲಿಸಿದಾಗ, "ಬಂದೂಕಿಗೆ ಕನ್ನಡಕ! ಹಾಗೇ ಒಂದು ಹಲ್ಲುಸೆಟ್ಟೂ ಕಟ್ಟಿಸು" ಎಂದು ವಜಾ ಮಾಡಿದ್ದರು. ಅದೇ ತಾತ ಇವತ್ತು ಕಾಫಿ ಕುಡಿಯುತ್ತ, "ದೇಚು, ಅಗ್ಗದ ದುರ್ಬೀನು, ಲೇಸರು ಅಂತೆಲ್ಲ ಬಜಾರಿನಲ್ಲಿ ಸಿಗ್ತದಲ್ಲ, ಒಂದೊಂದು ತಂದು ನೋಡೋಣ್ವಾ?" ಎಂದರು. ನನ್ನ ಅರ್ಜಿಗೆ ಒಂದು ವರ್ಷದ ನಂತರ ನ್ಯಾಯ ಸಿಕ್ಕಿದೆ. ಸರ್ಕಾರಿ ವೇಗದಲ್ಲೇ.

ಗಡುವು: ಸೆಪ್ಟೆಂಬರ್ ಮೂರು. ಅಂದು ಕೈಲ್ ಪೊಳ್ದ್, ಕೊಡವರ ಆಯುಧಪೂಜೆ. ದೆಹಲಿಯಲ್ಲಿರುವ ನಾವೊಂದು ಅರವತ್ತು ಜನ ಫರೀದಾಬಾದಿನಾಚೆ ಒಬ್ಬರ ತೋಟದಲ್ಲಿ ಸೇರುತ್ತೇವೆ. ಊರಿನ ಕೋವಿಗಳು ಊರಲ್ಲೇ ಇರುವುದರಿಂದ ಇಲ್ಲಿ ಪೂಜೆಯೂ ಏರ್‌ಗನ್ನಿಗೆ, ತೆಂಗಿನಕಾಯಿಗೆ ಗುರಿ ಹೊಡೆಯುವುದೂ ಅದರಲ್ಲೇ. ಮೊದಲ ಗುರಿ ಗುಂಪಿನ ಹಿರಿಯರದು. ಅವರ ಛರ್ರಾ, ಅಂದರೆ ಆ ಸೀಸದ ಪುಟ್ಟ ಗುಂಡು, ಕಾಯಿಗೆ ಬಡಿದು "ಟಕ್" ಎನ್ನುವವರೆಗೆ ಹಂದಿ ಕರಿಯ ಪಾತ್ರೆಯ ಮುಚ್ಚಳ ತೆಗೆಯುವಂತಿಲ್ಲ. ತಾತ ಹನ್ನೊಂದು ವರ್ಷಗಳಿಂದ ಒಂದೇ ಏಟಿಗೆ ಮುಚ್ಚಳ ತೆಗೆಸಿದ್ದಾರೆ.

ಉದ್ಘಾಟನೆಯ ನೆನಪಿಗೆ, ಹಾಲಿನಲ್ಲಿ ಟಿವಿಯ ಮೇಲೆ ತೂಗುಹಾಕಿರುವ ತಾತನ ಯೂನಿಫಾರ್ಮಿನ ಫೋಟೋಗೆ, ಹುಬ್ಬುಗಳ ನಡುವೆ, ಅವ್ವನ ಕೆಂಪು ಸ್ಟಿಕ್ಕರ್ ಬೊಟ್ಟೊಂದನ್ನು ಅಂಟಿಸಿದ್ದೇನೆ. ಮೀಸೆ ತಿರುವಿದ ಸುಬೇದಾರರಿಗೆ ಬೊಟ್ಟು ಬಹಳ ಒಪ್ಪುತ್ತದೆ. ತಾತ ಸಂಜೆಯೆಲ್ಲ ಅದರೆದುರೇ ಕೂತಿದ್ದರು. ಇನ್ನೂ ಗರ್ಜನೆ ಕೇಳಿಬಂದಿಲ್ಲ. ನಿರೀಕ್ಷಿಸಲಾಗಿದೆ.

16 ಜುಲೈ, ಭಾನುವಾರ

ಸಾಧನ ಸಂಖ್ಯೆ ಒಂದು: ದುರ್ಬೀನು. ಖರೀದಿ, ಪಾಲಿಕಾ ಬಜಾರ್.

"ಮೇಡಂ, ಇಂಪೋರ್ಟೆಡ್ ಹೈ," ಎಂದ ಅಂಗಡಿಯ ಭಯ್ಯಾ.

"ಎಲ್ಲಿಂದ?"

"ಬಾಹರ್ ಸೇ."

ಅಂಗಡಿಯ ಬಾಗಿಲಿನಿಂದ ಹೊರಗೆ ಅಂತಲೇ ಇರಬೇಕು.

ತಾರಸಿಯಲ್ಲಿ ಹಳೆಯ ಕೂಲರಿನ ಹುಲ್ಲಿನ ಪ್ಯಾಡನ್ನು ಮರಳು ತುಂಬಿದ ಎಣ್ಣೆ ಡಬ್ಬದ ಮುಂದೆ ನಿಲ್ಲಿಸಿ, ಮೇಲೆ ಕಾಗದ ಅಂಟಿಸಿ ಪರೀಕ್ಷೆ ನಡೆಸಲಾಯಿತು. ಒಳಗಿನ ಗೆರೆಗಳು ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ತಿರುಗುತ್ತವೆ. ಮೊದಲ ಗುಂಡಿಗೆ ಕೂಡುವ ಚಿಹ್ನೆ, ಐದನೇ ಗುಂಡಿಗೆ ಗುಣಿಸುವ ಚಿಹ್ನೆ. ಲೆಕ್ಕದ ಮೇಷ್ಟರಿಗೆ ಉತ್ತಮ ಉಡುಗೊರೆ.

ತಾತ ಬಹಳ ಹೊತ್ತು ಕಣ್ಣಿಟ್ಟು ನೋಡಿದರು. "ಮಂಜು," ಎಂದರು. "ಬರೀ ಮಂಜು. ಗಾಜು ಸರಿಯಿಲ್ಲ."

ನಾನು ನೋಡಿದೆ. ಗಾಜು ಕಳಪೆಯೇ. ಆದರೂ ಕಾಗದದ ಮೇಲೆ ನಾನು ಬರೆದ ವೃತ್ತ ಕಾಣುತ್ತಿತ್ತು. ಸೇನೆಯ ಒಳ್ಳೊಳ್ಳೆ ಗಾಜು ನೋಡಿದವರಿಗೆ ಇದೆಲ್ಲ ಮಂಜೇ ಎಂದು ಷರಾ ಬರೆದಿದ್ದೇನೆ.

ಬೊಟ್ಟು ಇನ್ನೂ ಸ್ವಸ್ಥಾನದಲ್ಲಿದೆ. ಅವ್ವ ಮಾತ್ರ ಎರಡನೇ ದಿನವೇ ಕಂಡುಹಿಡಿದು, "ಏನೇ ಇದು?" ಎಂದಳು. "ಪರೀಕ್ಷೆಯಲ್ಲಿದೆ, ಮುಟ್ಟಬಾರದು" ಎಂದೆ. ಆಫೀಸಿನ ಬಸ್ಸಿಗೆ ತಡವಾಗಿತ್ತು, ಮುಟ್ಟದೆ ಹೋದಳು.

23 ಜುಲೈ, ಭಾನುವಾರ

ಸಾಧನ ಸಂಖ್ಯೆ ಎರಡು: ರೆಡ್ ಡಾಟ್. ಹೆಬ್ಬೆರಳಿನಷ್ಟು ಗಾಜಿನ ಕಿಟಕಿ, ಅದರೊಳಗೆ ತೇಲುವ ಒಂದು ಕೆಂಪು ಚುಕ್ಕಿ. ಚುಕ್ಕಿಯನ್ನು ಗುರಿಯ ಮೇಲಿಟ್ಟು ಬಂದೂಕಿನ ಕುದುರೆ ಒತ್ತಿದರಾಯಿತು. ಹತ್ತರಲ್ಲಿ ಏಳು ಹೊಡೆದೆ. ಮಹಾನಿರ್ದೇಶಕಿಗೆ ಮಹಾನಿರ್ದೇಶಕಿಯಿಂದಲೇ ಪ್ರಶಂಸಾಪತ್ರ.

ತಾತನ ಸರದಿ. ಕಿಟಕಿಯೊಳಗೆ ನೋಡುತ್ತ ನೋಡುತ್ತ ಕೇಳಿದರು, "ಚುಕ್ಕಿ ಎಷ್ಟಿದೆ ಇದರಲ್ಲಿ?"

"ಒಂದೇ ತಾತ. ಎರಡು ಕೊಡೋಕೆ ಅಂಗಡಿಯವನೇನು ಕರ್ಣನಾ?"

"ಒಂದೇನಾ? ನನಗೆ ಹೂವಿನ ಹಾಗೆ ಕಾಣ್ತದೆ."

ನಾಲ್ಕು ಏಟು ಹಾರಿಸಿದರು. ಕಾಗದದಲ್ಲಿ ಒಂದೂ ತೂತಿಲ್ಲ. ನಾಲ್ಕನೆಯದು ಹಗ್ಗದ ಮೇಲೆ ಒಣಗುತ್ತಿದ್ದ ದಿಂಬಿನ ಕವರನ್ನು ತೂತು ಮಾಡಿಕೊಂಡು ಹೋಯಿತು. ಹಗ್ಗ ಇದ್ದದ್ದು ಗುರಿಯ ಬಲಕ್ಕೆ ಎರಡು ಮಾರು ದೂರ. ನಾನು ನಕ್ಕು ನಕ್ಕು ನೀರಿನ ಟ್ಯಾಂಕಿಗೆ ಒರಗಿದೆ. ತಾತ ನಗಲಿಲ್ಲ. ಕವರನ್ನು ಹಗ್ಗದಿಂದ ತೆಗೆದು, ನಾಲ್ಕಾಗಿ ಮಡಿಸಿ, ಜೇಬಿಗೆ ಹಾಕಿಕೊಂಡರು. "ಸಾಕು ಇವತ್ತಿಗೆ," ಎಂದರು.

ಷರಾ: ಸಾಧನ ನಂಬಿಕೆಗೆ ಅರ್ಹವಲ್ಲ. ನನಗೆ ಮಾತ್ರ ಏಕೆ ಸರಿಯಾಗಿ ಕೆಲಸ ಮಾಡಿತೋ ತಿಳಿಯದು.

30 ಜುಲೈ, ಭಾನುವಾರ

ಇಂದಿನ ಘಟನೆಯನ್ನು ಭಾರವಾದ ಹೃದಯದಿಂದ ದಾಖಲಿಸುತ್ತಿದ್ದೇನೆ. ನಗು ತಡೆಯಲಾಗದೆ ಎರಡು ಬಾರಿ ಪೆನ್ನು ಕೆಳಗಿಟ್ಟಿದ್ದೇನೆ.

ಸಾಧನ ಸಂಖ್ಯೆ ಮೂರು: ಲೇಸರ್. ಕೆಂಪುಕೋಟೆಯೆದುರಿನ ಎಲೆಕ್ಟ್ರಾನಿಕ್ಸ್ ಬಜಾರಿನಿಂದ ತಂದದ್ದು. ಲಿಪ್‌ಸ್ಟಿಕ್ಕಿನಷ್ಟು ಉದ್ದ, ಮೂರು ಗುಂಡಿ ಸೆಲ್, ಬಾಲದಲ್ಲೊಂದು ಸ್ವಿಚ್ಚು. ಇದರಲ್ಲಿ ಒಳಗೆ ಇಣುಕುವ ಗೊಡವೆಯಿಲ್ಲ. ಚುಕ್ಕಿ ನೇರವಾಗಿ ಗುರಿಯ ಮೇಲೇ ಹೋಗಿ ಕೂರುತ್ತದೆ. ಬಿಸಿಲಿಗೆ ಕಾಣುವುದಿಲ್ಲವಾದ್ದರಿಂದ ಸಂಜೆ ಮೋಡ ಕವಿದ ಮೇಲೆ, ಬಂದೂಕಿಗೆ ಕಟ್ಟುವ ಮೊದಲು, ಕೈಯಲ್ಲೇ ಹಿಡಿದು ಪ್ರಾಥಮಿಕ ಪರೀಕ್ಷೆ ನಡೆಸಿದೆ.

ಬೆಕ್ಕು ಚುಕ್ಕಿಯ ಹಿಂದೆ ಓಡಿ ಗೋಡೆಗೆ ಢಿಕ್ಕಿ ಹೊಡೆಯಿತು. ಉತ್ತೀರ್ಣ.

ಆಗ ಕೆಳಗಿನ ಪಾರ್ಕಿನಲ್ಲಿ ವೆಂಕಟಸುಬ್ಬಯ್ಯ ಅಂಕಲ್ ವಾಕಿಂಗ್ ಮಾಡುತ್ತಿದ್ದರು. ನೆಲಮಹಡಿಯವರು, ಮೈಸೂರಿನವರು, ಕೇಂದ್ರ ಸಚಿವಾಲಯದಲ್ಲಿ ಅಂಡರ್ ಸೆಕ್ರೆಟರಿ. ಬಿಳಿ ಬನಿಯನ್. ವಿಜ್ಞಾನಕ್ಕೆ ಅದಕ್ಕಿಂತ ಒಳ್ಳೆಯ ಪರದೆ ಸಿಗುವುದುಂಟೇ?

ಚುಕ್ಕಿ ಎದೆಯ ಮೇಲೆ ಕೂತ ಮರುಕ್ಷಣವೇ ಅಂಕಲ್ ನಿಂತರು. ಬಗ್ಗಿ ನೋಡಿಕೊಂಡರು. ಎರಡೂ ಕೈ ಮೇಲೆತ್ತಿ, "ಮೈ ಸರ್ಕಾರೀ ಆದ್ಮೀ ಹೂಂ!" ಎಂದು ಕೂಗಿ, ಹುಲ್ಲಿನ ಮೇಲೆ ಸಾಷ್ಟಾಂಗ ಮಲಗಿಬಿಟ್ಟರು. ಚೌಕೀದಾರ ಸೀಟಿ ಊದಿದ. ಎದುರು ಬ್ಲಾಕಿನ ಆಂಟಿಯೊಬ್ಬರು ನೂರಕ್ಕೆ ಫೋನ್ ಮಾಡಿದರು. ಸ್ವಾತಂತ್ರ್ಯ ದಿನಾಚರಣೆ ಹದಿನಾರು ದಿನ ದೂರವಿರುವ ದೆಹಲಿಯಲ್ಲಿ ಇದು ತಮಾಷೆಯ ವಿಷಯವಲ್ಲ ಎಂದು ಪೊಲೀಸ್ ವ್ಯಾನಿನ ಹವಾಲ್ದಾರರು ನನಗೆ ಅರ್ಧ ಗಂಟೆ ವಿವರಿಸಿದರು. ಅವ್ವ ಒಂದು ಗಂಟೆ ವಿವರಿಸಿದಳು. ತೇಜಪುರದಲ್ಲಿ ಪೋಸ್ಟಿಂಗಿನಲ್ಲಿರುವ ಅಪ್ಪ ಫೋನಿನಲ್ಲಿ ಎರಡೇ ಮಾತಿನಲ್ಲಿ ವಿವರಿಸಿದರು. ಅದನ್ನು ಇಲ್ಲಿ ಬರೆಯುವಂತಿಲ್ಲ.

ತೀರ್ಪು: ನಾಳೆ ಖುದ್ದಾಗಿ ಕ್ಷಮಾಪಣೆ. ಲೇಸರ್ ಬಂದೂಕಿನ ಮೇಲಲ್ಲದೆ ಬೇರೆಲ್ಲೂ ಇರಕೂಡದು.

31 ಜುಲೈ, ಸೋಮವಾರ

ಕ್ಷಮಾಪಣೆ ಸಲ್ಲಿಕೆಯಾಯಿತು. ತಲೆ ಬಗ್ಗಿಸಿ, ಕೈಯಲ್ಲಿ ಅವ್ವ ಮಾಡಿಕೊಟ್ಟ ಬಾಳೆಹಣ್ಣಿನ ಹಲ್ವಾ ಹಿಡಿದು.

ಅಂಕಲ್ ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಮುಂದಕ್ಕೆ ಬಾಗಿ, "ಆದ್ರೂ ಹೇಳ್ತೀನಿ ಕಣಮ್ಮಾ, ಹೋದ ವರ್ಷವಾಗಿದ್ರೆ ನಿನ್ನ ಆ ಚುಕ್ಕಿ ನಂಗೆ ಕಾಣ್ತಾನೇ ಇರ್ಲಿಲ್ಲ. ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಆದ್ಮೇಲೆ ನೋಡು, ಕೆಂಪು ಅಂದ್ರೆ ಎಂಥಾ ಕೆಂಪು!" ಎಂದರು.

"ಹೆದರಿದ್ದಕ್ಕಿಂತ ಖುಷಿಯೇ ಜಾಸ್ತಿ ಇವರಿಗೆ," ಎಂದರು ಅವರ ಹೆಂಡತಿ ಸುಮಿತ್ರಾ ಆಂಟಿ. "ಆಫೀಸಿನವರಿಗೆಲ್ಲ ಫೋನ್ ಮಾಡಿ ಹೇಳ್ತಿದಾರೆ, ಅಷ್ಟು ಚಿಕ್ಕ ಚುಕ್ಕಿ, ತಕ್ಷಣ ಕಂಡುಬಿಡ್ತು ಅಂತ."

ಹಲ್ವಾ ತಟ್ಟೆಯ ಬದಲಿಗೆ ಕೋಡುಬಳೆ ಡಬ್ಬ ಸಿಕ್ಕಿತು. ಅಪರಾಧ ಲಾಭದಾಯಕ.

ಸಂಜೆ ಲೇಸರನ್ನು ಶಿಸ್ತಾಗಿ ಬಂದೂಕಿಗೆ, ನನ್ನ ಜಡೆಯ ರಬ್ಬರ್ ಬ್ಯಾಂಡುಗಳಿಂದ ಬಿಗಿದೆ. ಬಿಗಿಯುವ ಮೊದಲು ಒಂದೇ ಒಂದು ಸಣ್ಣ ಉಲ್ಲಂಘನೆ: ತಾತ ಓದುತ್ತಿದ್ದ ಪೇಪರಿನ ಮೇಲೆ ಚುಕ್ಕಿ ಬಿಟ್ಟೆ. ಸುತ್ತ ಕುಣಿಸಿದೆ. ಅವರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಅರ್ಧ ಗಂಟೆ ಅದೇ ಪುಟ ಹಿಡಿದು ಕೂತಿದ್ದರು. ಎಂಥಾ ಎದುರಾಳಿ! ಬೊಟ್ಟಿನ ವಿಷಯದಲ್ಲೂ ಇದೇ ತಂತ್ರ ಇರಬೇಕು. ನೋಡಿಯೂ ನೋಡದ ಹಾಗೆ.

6 ಆಗಸ್ಟ್, ಭಾನುವಾರ

ನಿರ್ದೇಶನಾಲಯದ ಇತಿಹಾಸದಲ್ಲೇ ಸುವರ್ಣಾಕ್ಷರದ ದಿನ. ತಾತ ಕೊನೆಗೂ ಬಲೆಗೆ ಬಿದ್ದರು.

ಬೆಳಿಗ್ಗೆ ಆರು ಗಂಟೆ, ಬಿಸಿಲು ಬರುವ ಮೊದಲು. ತಾತ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಲೇಸರಿನ ಮುಚ್ಚಳ ತಿರುಗಿಸಿ ಮೂರೂ ಸೆಲ್ ತೆಗೆದು ಕುರ್ತಾದ ಜೇಬಿಗೆ ಹಾಕಿಕೊಂಡೆ. ಚುಕ್ಕಿ ಎಲ್ಲಿ ಎಂದು ಅವರು ಪರದಾಡಬೇಕು, ನಾನು "ಬಾಹರ್ ಸೇ ಇಂಪೋರ್ಟೆಡ್ ತಾತ, ಹೀಗೇ" ಎನ್ನಬೇಕು, ಇದು ಯೋಜನೆ.

ತಾತ ಬಂದೂಕು ಹೆಗಲಿಗೇರಿಸಿ ಸ್ವಿಚ್ಚು ಒತ್ತಿದರು. ನಾನು ಪಕ್ಕದಲ್ಲೇ ಕುಣಿಯುತ್ತ, "ಚುಕ್ಕಿ ಸರಿಯಾಗಿ ಕೂತಿದೆಯಾ ತಾತ?" ಎಂದೆ.

ತಾತ ಕೆನ್ನೆಯನ್ನು ಬಂದೂಕಿನಿಂದ ಎತ್ತಿದರು. ನನ್ನ ಕಡೆ ತಿರುಗಿದರು. ಮತ್ತೆ ಗುರಿಯ ಕಡೆ.

"ಹ್ಞಾಂ," ಎಂದರು. "ಸರಿಯಾಗಿ ಕೂತಿದೆ. ನಟ್ಟನಡುವೆ."

ಹಾರಿಸಿದರು. ಎಣ್ಣೆ ಡಬ್ಬಕ್ಕೂ ತಾಗಲಿಲ್ಲ.

ನಾನು ಕೆಳಗೆ ಓಡಿಬಂದು ಅವ್ವನ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಲ್ಲದ ಚುಕ್ಕಿ ನಟ್ಟನಡುವೆ ಕೂತಿದೆಯಂತೆ! ಅವ್ವ ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದು ನನ್ನನ್ನೇ ನೋಡಿದಳು. ನಗಲಿಲ್ಲ. ಅವ್ವನಿಗೆ ಹಾಸ್ಯಪ್ರಜ್ಞೆ ಕಡಿಮೆ ಎಂದು ದಾಖಲಿಸಿ ಈ ಪುಟ ಮುಗಿಸಿದ್ದೇನೆ.

7 ಆಗಸ್ಟ್

ಚುಕ್ಕಿ ಇರಲೇ ಇಲ್ಲ.

9 ಆಗಸ್ಟ್, ಬುಧವಾರ

ಕಾಲೇಜಿಗೆ ಹೋಗಲಿಲ್ಲ. ಕಾರಣ ವಿಶೇಷವೇನಿಲ್ಲ.

ತಾತ ಚಹಾದ ಲೋಟವನ್ನು ಮೇಜಿನ ಅಂಚು ಕೈಯಿಂದ ಸವರಿ ನೋಡಿ ಆಮೇಲೆ ಇಡುತ್ತಾರೆ. ಮೆಟ್ಟಿಲಿನ ಕೊನೆಯಲ್ಲಿ ಕಾಲು ಒಮ್ಮೆ ಗಾಳಿಯಲ್ಲಿ ನಿಲ್ಲುತ್ತದೆ. ಇದೆಲ್ಲ ಯಾವಾಗಿನಿಂದಲೋ. ತಾರಸಿಯ ಬಾಗಿಲಲ್ಲಿದ್ದ ಬಕೆಟ್ಟನ್ನು ಪಕ್ಕಕ್ಕೆ ಇಟ್ಟೆ. ಅಲ್ಲಿ ಅದಕ್ಕೇನು ಕೆಲಸ.

ಮಧ್ಯಾಹ್ನ ತಾತ ಬಂದೂಕಿಗೆ ಎಣ್ಣೆ ಹಾಕುತ್ತಿದ್ದರು. ಪಕ್ಕದಲ್ಲಿ ಕೂತೆ.

"ತಾತ, ಭಾನುವಾರ ಚುಕ್ಕಿ ಎಲ್ಲಿತ್ತು?"

ಬಟ್ಟೆ ನಳಿಗೆಯ ಮೇಲೆ ಹೋಗುತ್ತ ಬರುತ್ತ ಇತ್ತು. "ಬಲಗಣ್ಣು ಜನವರಿಯಿಂದ ಹೀಗೆ," ಎಂದರು. "ಮಣಿ ಕಾಣೋದಿಲ್ಲ. ಮೊದಲು ಒಂದಿದ್ದದ್ದು ಮೂರಾಯ್ತು. ಈಗ ಒಂದೂ ಇಲ್ಲ."

"ಅದಕ್ಕೇ ಈ ದುರ್ಬೀನು, ಲೇಸರು ಎಲ್ಲ?"

"ಏನಾದರೊಂದು ಕಂಡೀತು ಅಂತ."

"ಡಾಕ್ಟರ್ ಹತ್ರ ಹೋಗಬೇಕಾಗಿತ್ತಲ್ಲ ತಾತ!"

ಆಗ ಅವರ ಅಣ್ಣನ ವಿಷಯ ಹೇಳಿದರು. ಕಾರ್ಯಪ್ಪಜ್ಜ ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಅರವತ್ತೆಂಟಕ್ಕೆ ಕಾಲಾ ಮೋತಿಯಾ ಬಂತಂತೆ. ಗ್ಲಾಕೋಮಾಕ್ಕೆ ಇಲ್ಲಿ ಎಲ್ಲರೂ ಹೇಳುವ ಹೆಸರು ಅದು. ಡಾಕ್ಟರು ನೋಡಿ, ಹೋದದ್ದು ಬರುವುದಿಲ್ಲ ಎಂದರಂತೆ. ಒಂದು ವರ್ಷಕ್ಕೆ ಎರಡೂ ಕಣ್ಣು ಹೋಯಿತು. ತಟ್ಟೆಯಲ್ಲಿ ಅನ್ನ ಯಾವ ಕಡೆ, ಸಾರು ಯಾವ ಕಡೆ ಎಂದು ಹೇಳಿ ಊಟ ಮಾಡಿಸುತ್ತಿದ್ದರಂತೆ.

"ನನಗೂ ಅದೇ. ಒಂದೇ ರಕ್ತ," ಎಂದರು. "ಡಾಕ್ಟರು ಹೇಳಿದ ದಿನದಿಂದ ನಾನು ಕುರುಡ. ಹೇಳೋವರೆಗೆ ಸುಬೇದಾರ್ ಪೊನ್ನಣ್ಣ. ಕೈಲ್ ಪೊಳ್ದ್ ಒಂದು ಆಗಲಿ ದೇಚು. ನಿಮ್ಮವ್ವನಿಗೆ ಹೇಳಬೇಡ. ನಿಮ್ಮಪ್ಪನಿಗಂತೂ ಬೇಡವೇ ಬೇಡ."

ತಿದ್ದುಪಡಿ: ಜುಲೈ ಒಂಬತ್ತರ ಪುಟದಲ್ಲಿ, ನಿರ್ದೇಶನಾಲಯದ ಸ್ಥಾಪನೆಗೆ ನನ್ನ ಅರ್ಜಿ ಕಾರಣ ಎಂದು ಬರೆದಿರುವುದನ್ನು ಹೊಡೆದುಹಾಕಿದ್ದೇನೆ.

10 ಆಗಸ್ಟ್, ಗುರುವಾರ

ವೆಂಕಟಸುಬ್ಬಯ್ಯ ಅಂಕಲ್ ಆಫೀಸಿನಿಂದ ಬರುವುದನ್ನೇ ಗೇಟಿನಲ್ಲಿ ಕಾದೆ. ನನ್ನನ್ನು ನೋಡಿದ ಕೂಡಲೇ ಅಭ್ಯಾಸಬಲದಿಂದ ಎದೆ ನೋಡಿಕೊಂಡರು.

"ಅಂಕಲ್, ಕಾಲಾ ಮೋತಿಯಾ ಬಂದ್ರೆ ಏನೂ ಮಾಡೋಕಾಗಲ್ವಾ?"

ಯಾರಿಗೆ ಎಂದು ಅವರು ಕೇಳಲಿಲ್ಲ. ಬ್ರೀಫ್‌ಕೇಸ್ ಕೆಳಗಿಟ್ಟರು. "ಹೋಗಿರೋ ದೃಷ್ಟಿ ಬರಲ್ಲಮ್ಮ. ಉಳಿದಿರೋದನ್ನ ಉಳಿಸ್ಕೋಬಹುದು, ಹನಿ ಔಷಧಿ ಇದೆ. ಆದ್ರೆ ಒಂದೊಂದು ವಾರಾನೂ ಲೆಕ್ಕಕ್ಕೆ ಬರತ್ತೆ. ಅದು ಕಾಲಾನೋ, ನನ್ನ ಥರ ಸಫೇದೋ ಅಂತ ಮೊದಲು ನೋಡಿಸ್ಬೇಕು ತಾನೇ?" ತಮ್ಮ ಕಣ್ಣಿನ ಡಾಕ್ಟರ ವಿಳಾಸವನ್ನು ಸರ್ಕಾರಿ ನೋಟ್‌ಶೀಟಿನ ಮೇಲೆ ಬರೆದು, ಕೆಳಗೆ ಸಹಿ, ದಿನಾಂಕ ಹಾಕಿ ಕೊಟ್ಟರು.

ಒಂದೊಂದು ವಾರವೂ. ಜನವರಿಯಿಂದ ಎಷ್ಟು ವಾರ ಎಂದು ಎಣಿಸಲು ಹೋಗಿ ಬಿಟ್ಟೆ.

12 ಆಗಸ್ಟ್, ಶನಿವಾರ

ತಾತನಿಗೆ ಬುದ್ಧಿ ಹೇಳಿ ಉಪಯೋಗವಿಲ್ಲ. ಅತ್ತರೆ ಎದ್ದು ಹೋಗುತ್ತಾರೆ. ಅವರು ಮೂವತ್ತು ವರ್ಷ ತಲೆಬಾಗಿದ್ದು ಒಂದಕ್ಕೇ, ಕಾಗದದ ಮೇಲಿನ ಹುಕುಮಿಗೆ. ಆದ್ದರಿಂದ ಸೈಬರ್ ಕೆಫೆಯಲ್ಲಿ ಕೂತು ಒಂದು ಹುಕುಂ ಟೈಪ್ ಮಾಡಿಸಿದೆ. ನೀಲಿ ಇಂಕಿನ ಮೊಹರಿನ ಬದಲು ಬಾಟಲಿ ಮುಚ್ಚಳದ ಗುರುತು.

ಸೆಲ್ಯೂಟ್ ಹೊಡೆದು ಕೊಟ್ಟೆ. ತಾತ ಕಾಗದವನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕಿಟಕಿಯ ಕಡೆ ತಿರುಗಿದರು. ನನಗೇ ವಾಪಸು ಕೊಟ್ಟರು. "ಓದು."

ಓದಿದೆ: "ಪರೀಕ್ಷೆಗೊಳಪಟ್ಟ ಮೂರೂ ಸಾಧನಗಳ ಬಗ್ಗೆ ದೂರುಗಳು ಬಂದಿರುವುದರಿಂದ, ದೋಷ ಸಾಧನದ್ದೋ ಬಂದೂಕುಗಾರನದ್ದೋ ಎಂಬುದು ಇತ್ಯರ್ಥವಾಗದೆ ವರದಿ ಮುಗಿಸುವಂತಿಲ್ಲ. ಮುಖ್ಯ ಬಂದೂಕುಗಾರನು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಣ್ಣಿನ ಮೆಡಿಕಲ್ ಬೋರ್ಡಿನ ಮುಂದೆ ಹಾಜರಾಗತಕ್ಕದ್ದು. ಫಲಿತಾಂಶ ಏನೇ ಬಂದರೂ ಸದರಿ ಬಂದೂಕುಗಾರನನ್ನು ಈ ನಿರ್ದೇಶನಾಲಯದ ಸೇವೆಯಿಂದ ಎಂದಿಗೂ ಬಿಡುಗಡೆ ಮಾಡಲಾಗುವುದಿಲ್ಲ."

ಕೊನೆಯ ಸಾಲಿಗೆ ಬಂದಾಗ ಗಂಟಲಿನಲ್ಲಿ ಕೋಡುಬಳೆ ಸಿಕ್ಕಿಕೊಂಡಿತು. ಕೋಡುಬಳೆ ಬುಧವಾರವೇ ಖಾಲಿಯಾಗಿತ್ತು.

"ಸಹಿ ಯಾರದು?" ತಾತ ಕೇಳಿದರು.

"ಮಹಾನಿರ್ದೇಶಕಿಯದು."

"ಅವಳ ರ್ಯಾಂಕು?"

"ಸುಬೇದಾರರಿಗಿಂತ ಮೇಲೆ ತಾತ."

ತಾತ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕಾಗಿ ಮಡಿಸಿದರು. ಆಮೇಲೆ ಎದ್ದು, "ನನ್ನ ನೀಲಿ ಕೋಟು ಇಸ್ತ್ರಿ ಮಾಡ್ಸು. ಬೋರ್ಡಿನ ಮುಂದೆ ಸುಕ್ಕುಸುಕ್ಕಾಗಿ ಹೋಗೋದಿಲ್ಲ ನಾನು," ಎಂದರು.

ಅವ್ವನಿಗೆ ಹೇಳಬೇಕಾಗಿಯೇ ಬರಲಿಲ್ಲ. ಅವಳು ಭಾನುವಾರವೇ, ಸೌಟು ಹಿಡಿದು ನಿಂತಿದ್ದಾಗಲೇ, ಅರ್ಥ ಮಾಡಿಕೊಂಡಿದ್ದಳಂತೆ. ಹಾಸ್ಯಪ್ರಜ್ಞೆಯ ಬಗ್ಗೆ ಬರೆದ ಷರಾ ಹಿಂದಕ್ಕೆ ಪಡೆಯಲಾಗಿದೆ.

14 ಆಗಸ್ಟ್, ಸೋಮವಾರ

ಆಟೋದಲ್ಲಿ ತಾತ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ನಾಳೆಯ ಬಂದೋಬಸ್ತಿಗೆ ರಸ್ತೆಯುದ್ದಕ್ಕೂ ನಿಲ್ಲಿಸಿದ್ದ ಬ್ಯಾರಿಕೇಡುಗಳ ನಡುವೆ, ನೆಟ್ಟಗೆ ಕೂತಿದ್ದರು.

ಕಣ್ಣಿಗೆ ಹನಿ ಹಾಕಿದರು. ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಬೆಂಚಿನ ಮೇಲೆ ಕೂರಿಸಿದರು. ತಾತ ಕೈ ಚಾಚಿ ನನ್ನ ಕೈ ಹುಡುಕಿದರು. ನನಗೆ ಗೊತ್ತಿರುವ ಎಲ್ಲ ಜೋಕುಗಳೂ ಮರೆತುಹೋಗಿದ್ದವು. ಎದುರು ಗೋಡೆಯ ಮೇಲಿನ ಅಕ್ಷರಗಳ ಬೋರ್ಡನ್ನು ಅವರಿಗೆ ಮೇಲಿಂದ ಕೆಳಗೆ ಓದಿ ಹೇಳಿದೆ, ಸುಮ್ಮನೆ. "ಕಾಪಿ ಹೊಡೆಸ್ತಿದೀಯಾ?" ಎಂದರು.

ಡಾಕ್ಟರ್ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಯಂತ್ರದಲ್ಲಿ ನೋಡಿದರು. ಇನ್ನೊಂದು ಯಂತ್ರದಲ್ಲಿ ಒತ್ತಡ ನೋಡಿದರು. ದೀಪ ಬಿಟ್ಟು ಕಣ್ಣಿನ ಹಿಂಭಾಗ ನೋಡಿದರು. ತಾತ, "ಬೋಲೋ ಡಾಕ್ಟರ್ ಸಾಬ್. ಕಾಲಾ ಹೈ ನ?" ಎಂದರು.

"ಕಾಲಾ?" ಡಾಕ್ಟರ್ ತಲೆಯೆತ್ತಿದರು. "ನಹೀಂ ಬಾಬೂಜಿ. ಸಫೇದ್."

ಬಿಳಿಯದು. ಬರೀ ಪೊರೆ. ಒತ್ತಡ ಸರಿಯಾಗಿದೆ, ನರ ಚೆನ್ನಾಗಿದೆ. ಎಡಗಣ್ಣಿನದು ಇನ್ನೂ ಎಳೆಯದು, ಸದ್ಯಕ್ಕೆ ಹೊಸ ಕನ್ನಡಕ ಸಾಕು. ಬಲಗಣ್ಣಿಗೆ ಹದಿನೈದು ನಿಮಿಷದ ಆಪರೇಷನ್, ಸೆಪ್ಟೆಂಬರ್ ಹನ್ನೆರಡಕ್ಕೆ ದಿನ ಕೊಟ್ಟರು.

ತಾತ ಮೂರು ಸಲ ಕೇಳಿದರು. ಮೂರು ಸಲವೂ ಸಫೇದ್.

ಹೊರಗೆ ಬಂದು ಛೋಲೆ ಭಟೂರೆಯ ಗಾಡಿಯ ಮುಂದೆ ನಿಂತೆವು. ತಾತ ಎರಡು ಪ್ಲೇಟು ತಿಂದರು. ನೀಲಿ ಕೋಟಿನ ಮೇಲೆ ಛೋಲೆ ಬಿತ್ತು. ಒರೆಸಿಕೊಳ್ಳಲಿಲ್ಲ. "ಎಂಟು ತಿಂಗಳು," ಎಂದರು. "ಎಂಟು ತಿಂಗಳು ನಾನು ಕತ್ತಲೆಗೆ ತಾಲೀಮು ಮಾಡ್ತಿದ್ದೆ ದೇಚು. ಕಣ್ಣು ಮುಚ್ಚಿ ಬಾತ್‌ರೂಮಿಗೆ ಹೋಗೋದು, ಬೂಟಿನ ಲೇಸು ಕಟ್ಟೋದು." ಆಮೇಲೆ ನಗಲು ಶುರು ಮಾಡಿದರು. ಗಾಡಿಯ ಭಯ್ಯಾ ಕೂಡ ಏನೆಂದು ತಿಳಿಯದೆ ನಕ್ಕ. ನಾನು ಅಳುತ್ತಿದ್ದೆ. ಹಸಿಮೆಣಸಿನಕಾಯಿ ಕಚ್ಚಿದ್ದರಿಂದ.

20 ಆಗಸ್ಟ್, ಭಾನುವಾರ

ಅಂತಿಮ ವರದಿ. ದುರ್ಬೀನು: ಗಣಿತಶಾಸ್ತ್ರಕ್ಕೆ ಮಾತ್ರ. ರೆಡ್ ಡಾಟ್: ದಿಂಬಿಗೆ ಅಪಾಯಕಾರಿ. ಲೇಸರ್: ಬೆಕ್ಕು ಮತ್ತು ಅಂಡರ್ ಸೆಕ್ರೆಟರಿಗಳಿಗೆ ಶಿಫಾರಸು ಮಾಡಲಾಗಿದೆ. ಮೂರನ್ನೂ ಬಂದೂಕಿನಿಂದ ಬಿಚ್ಚಿ ಕೋಡುಬಳೆ ಡಬ್ಬದಲ್ಲಿಟ್ಟು ಮೊಹರು ಹಾಕಿದ್ದೇನೆ.

ಆಪರೇಷನ್ ಇರುವುದು ಹಬ್ಬದ ನಂತರ. ಬಲಗಣ್ಣಿಗೆ ಇನ್ನೂ ಮಂಜೇ. ಆದರೆ ಎಡಗಣ್ಣಿದೆಯಲ್ಲ, ಚುಕ್ಕಿ ಕಾಣದಿದ್ದರೂ ತೆಂಗಿನಕಾಯಿ ಕಾಣುವಷ್ಟು! ಇದು ನನ್ನ ಆಲೋಚನೆ ಎಂದು ಇತಿಹಾಸಕಾರರು ಗಮನಿಸಬೇಕು. ಐವತ್ತು ವರ್ಷ ಬಲಹೆಗಲಿಗೆ ಕೋವಿ ಇಟ್ಟವರು ಈಗ ಎಡಹೆಗಲಿಗೆ ಇಟ್ಟು, ಎಡಗೈ ಬೆರಳಿನಲ್ಲಿ ಕುದುರೆ ಒತ್ತಲು ಕಲಿಯುತ್ತಿದ್ದಾರೆ. ಪೊರಕೆ ಹಿಡಿದ ಮದುಮಗನ ಹಾಗೆ ಕಾಣುತ್ತಾರೆ.

"ಮೊಣಕೈ ಒಳಗೆ, ಜವಾನ್!" ಎಂದು ನಾನು ಕೂಗುತ್ತೇನೆ.

"ಯಸ್ ಸಾಬ್," ಎನ್ನುತ್ತಾರೆ.

ಒಗೆದ ಬಟ್ಟೆಗಳನ್ನು ಅವ್ವ ಒಳಗೇ ಒಣಹಾಕುತ್ತಿದ್ದಾಳೆ.

3 ಸೆಪ್ಟೆಂಬರ್, ಭಾನುವಾರ, ಕೈಲ್ ಪೊಳ್ದ್

ಊರಿನಲ್ಲಾದರೆ ಕೋವಿಯ ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಾರೆ, ಬೆಂಕಿಯ ಜ್ವಾಲೆಯಂಥ ಕಾಡುಹೂವು. ಫರೀದಾಬಾದಿನಲ್ಲಿ ಚೆಂಡುಹೂವು ಸಿಕ್ಕಿಸಿದೆವು. ಏಳು ಏರ್‌ಗನ್ನುಗಳು ಗಂಧ ಬಳಿದುಕೊಂಡು ಸಾಲಾಗಿ ಮಲಗಿದ್ದವು. ಪಕ್ಕದಲ್ಲಿ ಹಂದಿ ಕರಿಯ ಪಾತ್ರೆ, ಮುಚ್ಚಳದ ಮೇಲೊಂದು ಕಲ್ಲು. ಅಕ್ಕಿತರಿಯ ಉಂಡೆ ಕಡಂಬುಟ್ಟಿನ ಹಬೆ.

ನೀಲಗಿರಿ ಮರಕ್ಕೆ ನಾರು ತೆಗೆದ ತೆಂಗಿನಕಾಯಿ ಕಟ್ಟಿದ್ದರು. ಮೂವತ್ತು ಹೆಜ್ಜೆ. ತಾತ ಗೆರೆಯ ಮೇಲೆ ನಿಂತು ಬಂದೂಕನ್ನು ಎಡಹೆಗಲಿಗೆ ಏರಿಸಿದಾಗ ಅರವತ್ತು ಜನರೂ ಮಾತು ನಿಲ್ಲಿಸಿದರು.

ಮೊದಲ ಏಟು. ನಿಶ್ಶಬ್ದ. ಕಾಯಿ ಹಾಗೇ ತೂಗುತ್ತಿತ್ತು.

ಹನ್ನೊಂದು ವರ್ಷದಲ್ಲಿ ಇದು ಮೊದಲು. ಯಾರೋ ಗಂಟಲು ಸರಿಮಾಡಿಕೊಂಡರು. ಜುಲೈ ತಿಂಗಳಲ್ಲಿ ದಿಂಬಿನ ಕವರು ಮಡಿಸಿ ಜೇಬಿಗೆ ಹಾಕಿಕೊಂಡ ಮುಖ ನನಗೆ ನೆನಪಾಯಿತು. ತಾತನ ಕಡೆ ನೋಡಲು ಭಯವಾಯಿತು.

ತಾತ ತಿರುಗಿ, ಪರೇಡಿನ ದನಿಯಲ್ಲಿ ಹೇಳಿದರು: "ಬಲಗಣ್ಣಿಗೆ ಪೊರೆ ಬಂದಿದೆ. ಬಿಳಿಯದು. ಕಾಲಾ ಅಲ್ಲ. ಹನ್ನೆರಡನೇ ತಾರೀಕು ಆಪರೇಷನ್. ಹಸಿವಾದವರು ಸ್ವಲ್ಪ ತಡ್ಕೊಳ್ಳಿ."

ಎಲ್ಲರೂ ಒಟ್ಟಿಗೆ ನಕ್ಕರು. ಆ ನಗುವಿನಲ್ಲೇ ಎರಡನೇ ಏಟು ಹೋಯಿತು, ಅದೂ ತಪ್ಪಿತು. "ಪೊನ್ನಣ್ಣಜ್ಜ, ಸಂಜೆಯೊಳಗೆ ಆಗ್ತದಾ?" ಎಂದು ಹಿಂದಿನಿಂದ ಒಬ್ಬರು ಕೂಗಿದರು. ಮೂರನೆಯದು ಹಗ್ಗ ಸವರಿತು. ನಾನು ಮೆಲ್ಲಗೆ, "ಮೊಣಕೈ," ಎಂದೆ. ತಾತ ಮೊಣಕೈ ಒಳಗೆ ತಂದರು. ಉಸಿರು ಬಿಟ್ಟರು.

ಟಕ್.

ದಾಖಲೆ ಹೋಯಿತು, ಮುಚ್ಚಳ ತೆರೆಯಿತು.

ಊಟಕ್ಕೆ ಕೂತಾಗ ತಾತ ನನ್ನ ಕಡೆ ಬಾಗಿದರು. "ಆ ಭಾನುವಾರ ಲೇಸರಿನಲ್ಲಿ ಸೆಲ್ ಇರಲಿಲ್ಲ ಅಲ್ವಾ?"

ಕಡಂಬುಟ್ಟು ನನ್ನ ಕೈಯಲ್ಲೇ ನಿಂತಿತು. "ನಿಮಗೆ ಹೇಗೆ ಗೊತ್ತು?"

"ನಿನ್ನ ಜೇಬಿನಲ್ಲಿ ಟಿಕ್ ಟಿಕ್ ಅಂತ ಕುಣೀತಿದ್ವು. ಕೆಟ್ಟಿದ್ದು ಕಣ್ಣು. ಕಿವಿ ಅಲ್ಲ."

"ಮತ್ತೆ ನಟ್ಟನಡುವೆ ಕೂತಿದೆ ಅಂದ್ರಿ?"

ತಾತ ಎಲುಬೊಂದನ್ನು ನಿಧಾನವಾಗಿ ಬಿಡಿಸಿದರು. "ಬಾಯಿಬಿಟ್ಟು ಹೇಳೋಕೆ ಆಗ್ತಿರಲಿಲ್ಲ ದೇಚು. ಯಾರಿಗಾದರೂ ಗೊತ್ತಾಗಲಿ ಅಂತಿತ್ತು," ಎಂದರು. "ನೀನಾದರೆ ನಗ್ತಾ ನಗ್ತಾ ಗೊತ್ತು ಮಾಡ್ಕೋತೀಯ ಅನ್ನಿಸ್ತು."

ನಿರ್ದೇಶನಾಲಯದ ಬಳಿ ಇದಕ್ಕೆ ಷರಾ ಇಲ್ಲ. ಅವರ ಎಲೆಗೆ ಇನ್ನೊಂದು ಸೌಟು ಕರಿ ಬಡಿಸಿದೆ.

13 ಸೆಪ್ಟೆಂಬರ್, ಬುಧವಾರ

ನಿನ್ನೆ ಆಪರೇಷನ್ ಆಯಿತು. ಇವತ್ತು ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಕಪ್ಪು ಕನ್ನಡಕ ಕೊಟ್ಟರು. ದಾರಿಯುದ್ದಕ್ಕೂ ತಾತ ಅಂಗಡಿಗಳ ಬೋರ್ಡು ಓದಿಕೊಂಡು ಬಂದರು. ಆಟೋದವನಿಗೆ ಅವನ ಮೀಟರಿನ ಅಂಕಿಯನ್ನೂ ಓದಿ ಹೇಳಿದರು. ಅವನಿಗೆ ಅಷ್ಟೇನೂ ಸಂತೋಷವಾದಂತೆ ಕಾಣಲಿಲ್ಲ.

ಮನೆಯ ಮೆಟ್ಟಿಲನ್ನು ನಾನು ಮುಂದಾಗಿ ಹತ್ತಿದೆ. ಅಭ್ಯಾಸ. ಬಾಗಿಲು ತೆಗೆದು ಹಾಲಿಗೆ ಕಾಲಿಟ್ಟು, ನೀರು ತರಲು ಅಡುಗೆಮನೆಗೆ ಹೋದೆ. ಹಿಂದೆ ಸದ್ದಿಲ್ಲ. ತಾತ ಕೂರಲಿಲ್ಲ. ಹಾಲಿನ ನಡುವೆ ನಿಂತಿದ್ದರು. ಕಪ್ಪು ಕನ್ನಡಕವನ್ನು ಒಂದು ಚೂರು ಮೇಲೆತ್ತಿ, ತಲೆಯೆತ್ತಿ, ಟಿವಿಯ ಮೇಲೆ ನೋಡುತ್ತಿದ್ದರು.

ಆಮೇಲೆ ಕೇಳಿಬಂತು, ಅರವತ್ತೇಳು ದಿನಗಳಿಂದ ನಿರೀಕ್ಷೆಯಲ್ಲಿದ್ದ ಗರ್ಜನೆ. ನೆಲಮಹಡಿಯಲ್ಲಿ ಸುಮಿತ್ರಾ ಆಂಟಿಯ ಕೈಯಿಂದ ಪಾತ್ರೆ ಬಿದ್ದ ಸದ್ದಾಯಿತು.

"ದೇಚಮ್ಮಾ! ನನ್ನ ಹಣೆಗೆ ಬೊಟ್ಟು ಇಟ್ಟವರು ಯಾರು?"